ಒಂದೇ ಐಸಿಯಲ್ಲಿ ಜೀರುಂಡೆ ಸದ್ದು

ಮಳೆ ನಿಂತ ಸಂಜೆ ತುಮಕೂರಿನ ಹತ್ತಿರದ ದೇವರಾಯನದುರ್ಗದ ಕಡೆ ಹೋದರೆ ಜೀರುಂಡೆಗಳು ಕಿವಿ ತುಂಬಿಬಿಡುತ್ತವೆ. ಅಂಥ ಸದ್ದನ್ನು ಮನೆಯಲ್ಲಿ ಒಂದೇ ಐಸಿ (ಸಣ್ಣ ಎಲೆಕ್ಟ್ರಾನಿಕ್ ಚಿಪ್) ಇಟ್ಟುಕೊಂಡು ಹೊರಡಿಸಬಹುದು. ಕಂಪ್ಯೂಟರ್ ಬೇಡ, ಪ್ರೋಗ್ರಾಂ ಬೇಡ, ಬೆಸುಗೆ ಕೂಡ ಬೇಡ.

ಐಸಿ ಹೆಸರು ಸಿಡಿ40106. ಅಂಗಡಿಯವರು 74ಎಚ್‌ಸಿ14 ಕೊಡಲು ಬಂದರೆ ಬೇಡ ಅನ್ನಿ. ಅದರ ಕೆಲಸವೂ ಇದೇ, ಆದರೆ ಅದು 9 ವೋಲ್ಟ್ ತಡೆಯುವುದಿಲ್ಲ. ತುಮಕೂರಿನಲ್ಲಿ ಸಿಗದಿದ್ದರೆ ರೈಲು ಹತ್ತಿ ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋಗಿ, ಹೋದವರು ನಾಲ್ಕೈದು ತಂದಿಟ್ಟುಕೊಳ್ಳಿ. ಜೊತೆಗೆ ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಪಾರ್ಟು ಚುಚ್ಚಿ ಜೋಡಿಸುವ ತೂತಿನ ಹಲಗೆ), ವೈರು, 9 ವೋಲ್ಟ್ ಬ್ಯಾಟರಿ, 100ಕೆ ಪಾಟ್ (ತಿರುಗಿಸಿ ಬದಲಿಸಬಹುದಾದ ರೆಸಿಸ್ಟರ್; ಕೆ ಅಂದರೆ ಸಾವಿರ ಓಮ್) ಎರಡು, 10ಕೆ ರೆಸಿಸ್ಟರ್ ಎರಡು, ಮೈಮೇಲೆ 103 ಅಂತ ಬರೆದಿರುವ ಕೆಪಾಸಿಟರ್ ಒಂದು, 1 ಮೈಕ್ರೋಫ್ಯಾರಡ್‌ದು ಒಂದು, 1ಎನ್4148 ಡಯೋಡ್ (ಕರೆಂಟನ್ನು ಒಂದೇ ಕಡೆಗೆ ಬಿಡುವ ಪಾರ್ಟು) ಒಂದು. ಸದ್ದಿಗೆ ಹಿತ್ತಾಳೆ ಬಣ್ಣದ ಪೀಜೋ ಬಿಲ್ಲೆ ಕೇಳಿ. ಬ್ಯಾಟರಿ ಕೊಟ್ಟ ತಕ್ಷಣ ತಾನೇ ಕೂಗುವ ಬಜರ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಐಸಿಯ ಕಚ್ಚು ಎಡಕ್ಕೆ ಬರುವಂತೆ ಕೂರಿಸಿ. ಕೆಳಗಿನ ಸಾಲಿನ ಎಡತುದಿಯೇ 1ನೇ ಪಿನ್. 14ಕ್ಕೆ ಪ್ಲಸ್, 7ಕ್ಕೆ ಮೈನಸ್. ಇದು ತಿರುಗುಮುರುಗಾದರೆ ಐಸಿ ಬೆರಳು ಸುಡುವಷ್ಟು ಬಿಸಿಯಾಗುತ್ತದೆ, ಆಮೇಲೆ ಅದನ್ನು ನಂಬಬೇಡಿ.

ಈಗ ಮೊದಲ ದನಿ. 1ನೇ ಪಿನ್ನಿನಿಂದ ಮೈನಸ್‌ಗೆ 103 ಕೆಪಾಸಿಟರ್ ಹಾಕಿ. 2ನೇ ಪಿನ್ನಿನಿಂದ 10ಕೆ ರೆಸಿಸ್ಟರ್, ಅದರ ತುದಿಗೆ ಪಾಟ್‌ನ ಒಂದು ಪಕ್ಕದ ಕಾಲು, ಪಾಟ್‌ನ ನಡುಗಾಲು ವಾಪಸ್ 1ಕ್ಕೆ. ಪೀಜೋದ ಒಂದು ವೈರು 2ಕ್ಕೆ, ಇನ್ನೊಂದು ಮೈನಸ್‌ಗೆ. ಬ್ಯಾಟರಿ ಕೊಡಿ, ಕೀಂ ಅನ್ನುತ್ತದೆ.

ಯಾಕೆ ಕೂಗುತ್ತದೆ ಅಂದರೆ, ಈ ಐಸಿಯಲ್ಲಿ ಆರು ಇನ್ವರ್ಟರ್‌ಗಳಿವೆ, ಒಳಗೆ ಹೋದದ್ದನ್ನು ಅವು ಉಲ್ಟಾ ಮಾಡಿ ಹೊರಗೆ ಬಿಡುತ್ತವೆ. ಕೆಪಾಸಿಟರ್ ಖಾಲಿಯಿದ್ದಾಗ ಔಟ್‌ಪುಟ್, ಅಂದರೆ 2ನೇ ಪಿನ್ನಿನ ವೋಲ್ಟೇಜ್, ಮೇಲಿರುತ್ತದೆ, ಅದೇ ಕರೆಂಟು ಪಾಟ್ ದಾಟಿ ಬಂದು ಕೆಪಾಸಿಟರ್ ತುಂಬುತ್ತದೆ, ಒಂದು ಮಟ್ಟ ಮುಟ್ಟಿದ ಕೂಡಲೇ ಔಟ್‌ಪುಟ್ ಕೆಳಗೆ ಬೀಳುತ್ತದೆ, ಆಗ ಕೆಪಾಸಿಟರ್ ಬಂದ ದಾರಿಯಲ್ಲೇ ಖಾಲಿಯಾಗತೊಡಗುತ್ತದೆ. ಏರುವಾಗಿನ ಮಟ್ಟ ಬೇರೆ, ಇಳಿಯುವಾಗಿನದು ಬೇರೆ. ಈ ಎರಡು ಮಟ್ಟಗಳ ನಡುವಿನ ಓಡಾಟವೇ ಸದ್ದು. ಪಾಟ್ ತಿರುಗಿಸಿದರೆ ತುಂಬುವ ವೇಗ ಬದಲಾಗುತ್ತದೆ, ದನಿ ಸಣ್ಣದೋ ದಪ್ಪವೋ ಆಗುತ್ತದೆ. ಬರೀ ಎರಡು ಮೂರು ಪಾರ್ಟಿನಿಂದ ಇಷ್ಟು! ನನಗೆ ಈಗಲೂ ಖುಷಿ ಕೊಡುವ ಜಾಗ ಇದು.

ಆದರೆ ಜೀರುಂಡೆ ಒಂದೇ ಸಮ ಕೀಂ ಅನ್ನುವುದಿಲ್ಲ ಅಲ್ವಾ? ದನಿ ತುಂಡು ತುಂಡಾಗಬೇಕು. ಅದಕ್ಕೆ 3 ಮತ್ತು 4ನೇ ಪಿನ್ನಿನಲ್ಲಿ ಪೀಜೋ ಬಿಟ್ಟು ಇದೇ ಜೋಡಣೆ ಮಾಡಿ, 103 ಬದಲು 1 ಮೈಕ್ರೋಫ್ಯಾರಡ್ ಹಾಕಿ. ಅದರ ಮೈನಸ್ ಕಾಲು ಮೈನಸ್ ಕಡೆಗೇ ಇರಲಿ. ಇದು ನಿಧಾನ, ಸೆಕೆಂಡಿಗೆ ಹತ್ತಾರು ಸಲ ಮಾತ್ರ ಮೇಲೆ ಕೆಳಗೆ ಆಗುತ್ತದೆ. ಈಗ ಡಯೋಡ್: ಕಪ್ಪು ಗೆರೆಯಿರುವ ತುದಿ 4ಕ್ಕೆ, ಇನ್ನೊಂದು ತುದಿ 1ಕ್ಕೆ. 4ನೇ ಪಿನ್ ಕೆಳಗಿಳಿದಾಗಲೆಲ್ಲ 1ನೇ ಪಿನ್ನನ್ನೂ ಎಳೆದು ಹಿಡಿಯುತ್ತದೆ, ದನಿ ಕಟ್ಟಾಗುತ್ತದೆ. ಮೇಲೆದ್ದಾಗ ಬಿಟ್ಟುಕೊಡುತ್ತದೆ. ಎರಡೂ ಪಾಟ್ ನಿಧಾನಕ್ಕೆ ತಿರುಗಿಸುತ್ತಾ ಹೋಗಿ, ಎಲ್ಲೋ ಒಂದು ಕಡೆ ಚಿರ್ರ್ ಅಂತ ಸರಿಯಾಗಿ ಕೂರುತ್ತದೆ.

ಬಳಸದ 5, 9, 11, 13ನೇ ಪಿನ್ನುಗಳನ್ನು ಮೈನಸ್‌ಗೆ ಕಟ್ಟಿ. ಸುಮ್ನೆ ಬಿಟ್ಟರೆ ಅವು ಗಾಳಿಯಲ್ಲಿರುವ ವಿದ್ಯುತ್ ಗದ್ದಲ ಹಿಡಿದು ಬ್ಯಾಟರಿ ಜಾಸ್ತಿ ತಿನ್ನುತ್ತವೆ.

ಸದ್ದೇ ಬರದಿದ್ದರೆ ಮೊದಲು ಬ್ರೆಡ್‌ಬೋರ್ಡಿನ ಪ್ಲಸ್ ಮೈನಸ್ ಗೆರೆಗಳನ್ನು ನೋಡಿ. ಕೆಲವು ಉದ್ದದ ಬೋರ್ಡುಗಳಲ್ಲಿ ಅವು ನಟ್ಟನಡುವೆ ತುಂಡಾಗಿರುತ್ತವೆ. ನಾನು ಎರಡು ದಿನ ಐಸಿ ಬದಲಿಸುತ್ತಾ ಕೂತಿದ್ದೆ, ಬೇಕಿದ್ದದ್ದು ಒಂದಿಂಚು ವೈರು. ಆಂಪ್ಲಿಫೈಯರ್‌ಗೆ ಕೊಡುವುದಾದರೆ ನೇರವಾಗಿ ಕೊಡಬೇಡಿ, 9 ವೋಲ್ಟ್ ಅದಕ್ಕೆ ತುಂಬಾ ಜಾಸ್ತಿ. 2ನೇ ಪಿನ್ನಿನಿಂದ 100ಕೆ ರೆಸಿಸ್ಟರ್, ಅದರ ತುದಿಯಿಂದ ಮೈನಸ್‌ಗೆ 10ಕೆ ಹಾಕಿ, ಎರಡೂ ಕೂಡುವ ಜಾಗದಿಂದ ಸದ್ದು ತೆಗೆಯಿರಿ. ಹೆಡ್‌ಫೋನ್ ಕಿವಿಗೆ ಹಾಕಿಕೊಂಡು ಪರೀಕ್ಷೆ ಮಾಡಲೇಬೇಡಿ.

ಇಷ್ಟಾದ ಮೇಲೆ ನಿಧಾನದ ಪಾಟ್ (3, 4ನೇ ಪಿನ್ನಿನದು) ತೆಗೆದು ಅಲ್ಲಿ ಎಲ್‌ಡಿಆರ್ (ಬೆಳಕು ಕಡಿಮೆಯಾದಂತೆ ತಡೆ ಹೆಚ್ಚುವ ರೆಸಿಸ್ಟರ್) ಹಾಕಿ ನೋಡಿ. ಕೈ ಅಡ್ಡ ಹಿಡಿದರೆ ಚಿರ್ರ್ ಅನ್ನುವುದು ಬಿಡಿಬಿಡಿಯಾಗುತ್ತದೆ. ಸಂಜೆ ಕಿಟಕಿಯಲ್ಲಿಟ್ಟು ಲೈಟು ಹಾಕದೆ ಕೂತರೆ, ಕತ್ತಲಾದಂತೆಲ್ಲ ಅದು ತಾನಾಗಿಯೇ ನಿಧಾನವಾಗುತ್ತಾ ಹೋಗುತ್ತದೆ, ಅಷ್ಟರಲ್ಲಿ ಹೊರಗಿನ ನಿಜವಾದ ಜೀರುಂಡೆಗಳು ಶುರು ಮಾಡಿರುತ್ತವೆ.