ಕರೆಂಟ್ ಹೋಗಿ ಬಂದ ಮೇಲೆ ಥಂಡರ್‌ಬರ್ಡ್‌ನಲ್ಲಿ ಮೇಲ್ ಕಾಣದಿದ್ದರೆ

ಕಲಬುರಗಿಯಲ್ಲಿ ಬೇಸಿಗೆ ಶುರುವಾಯಿತೆಂದರೆ ಮನೆ ಕಂಪ್ಯೂಟರ್ ಇಟ್ಟುಕೊಂಡವರಿಂದ ಈ ಮಾತು ಮತ್ತೆ ಮತ್ತೆ ಕೇಳುತ್ತೇನೆ: "ಕರೆಂಟ್ ಹೋಗಿ ಬಂತ್ರೀ, ಈಗ ಇನ್‌ಬಾಕ್ಸ್‌ನಾಗ ಒಂದೂ ಮೇಲ್ ಕಾಣವಲ್ದು." ನೆಹರೂ ಗಂಜ್‌ನ ಅಡತಿ ಲೆಕ್ಕವನ್ನು ಮನೆಯಲ್ಲಿ ಬರೆಯುವವರಿಗೆ ಹಳೆ ಬಿಲ್ಲು, ತೂಕದ ಚೀಟಿ ಎಲ್ಲ ಅದರಲ್ಲೇ ಇರುತ್ತವೆ. ಗಾಬರಿಯಲ್ಲಿ ಕೆಲವರು ಮೇಲ್ ಓದುವ ಪ್ರೋಗ್ರಾಂ ಆದ ಥಂಡರ್‌ಬರ್ಡನ್ನು ಕಿತ್ತು ಮತ್ತೆ ಹಾಕುತ್ತಾರೆ, ಕೆಲವರು ಖಾತೆಯನ್ನೇ ತೆಗೆದು ಹೊಸದಾಗಿ ಸೇರಿಸುತ್ತಾರೆ. ಕಿತ್ತು ಹಾಕಿದರೆ ಪ್ರಯೋಜನವಿಲ್ಲ, ಕೆಟ್ಟ ಫೈಲ್, ಮೇಲ್ ಮತ್ತು ಸೆಟ್ಟಿಂಗ್‌ಗಳಿರುವ ಪ್ರೊಫೈಲ್ ಫೋಲ್ಡರ್‌ನಲ್ಲಿ ಹಾಗೇ ಉಳಿದಿರುತ್ತದೆ. ಖಾತೆ ತೆಗೆಯುವಾಗ ಮೇಲ್ ಡೇಟಾ ಅಳಿಸುವ ಗುರುತು ಹಾಕಿಬಿಟ್ಟರಂತೂ ಇದ್ದ ಮೇಲ್ ಕೂಡ ಹೋಗುತ್ತದೆ.

ಇಂಥ ಹೊತ್ತಿನಲ್ಲಿ ಮೇಲ್ ಹೋಗಿರುವುದು ಅಪರೂಪ. ಕೆಟ್ಟಿರುವುದು ಸಾಮಾನ್ಯವಾಗಿ ಅದರ ಪಟ್ಟಿ. ಪ್ರತಿ ಫೋಲ್ಡರ್‌ಗೆ ಎರಡು ಫೈಲ್ ಇರುತ್ತವೆ. ಬಾಲವಿಲ್ಲದ (ಎಕ್ಸ್‌ಟೆನ್ಷನ್ ಇಲ್ಲದ) 'ಇನ್‌ಬಾಕ್ಸ್' ಎಂಬುದರಲ್ಲಿ ಮೇಲ್‌ಗಳು ಒಂದರ ಕೆಳಗೊಂದು ಸೇರಿಕೊಂಡಿರುತ್ತವೆ. '.ಎಂಎಸ್‌ಎಫ್' ಬಾಲದ್ದು ಬರೀ ಸೂಚಿ, ಯಾವ ಮೇಲ್ ಎಲ್ಲಿದೆ ಎಂದು ಹೇಳುವುದು. ಸೂಚಿ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಅದು ಅರ್ಧಕ್ಕೆ ನಿಲ್ಲುತ್ತದೆ, ಪರದೆ ಖಾಲಿ ಕಾಣುತ್ತದೆ.

ಮೊದಲು ಬ್ರೌಸರ್‌ನಲ್ಲಿ ಅದೇ ಖಾತೆ ತೆರೆದು ನೋಡುತ್ತೇನೆ. ಖಾತೆ ಐಮ್ಯಾಪ್ ಬಗೆಯದಾಗಿದ್ದರೆ ಮೇಲ್ ಸರ್ವರ್‌ನಲ್ಲಿರುತ್ತದೆ, ಅವಸರವಿಲ್ಲ. ಮೇಲನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳುವ ಪಾಪ್ ಬಗೆಯದಾಗಿದ್ದು, ಸರ್ವರ್‌ನಲ್ಲಿ ಪ್ರತಿ ಬಿಡುವ ಆಯ್ಕೆ ಇಲ್ಲದಿದ್ದರೆ ಈ ಡಿಸ್ಕ್‌ನಲ್ಲಿರುವುದೇ ಇರುವ ಒಂದೇ ಪ್ರತಿ. ಆದ್ದರಿಂದ ಪ್ರೊಫೈಲ್ ನಕಲು ತೆಗೆಯುವವರೆಗೆ ನಾನು ಏನನ್ನೂ ಮುಟ್ಟುವುದಿಲ್ಲ. ಹೆಲ್ಪ್ ಮೆನುವಿನಲ್ಲಿ ಟ್ರಬಲ್‌ಶೂಟಿಂಗ್ ಇನ್‌ಫರ್ಮೇಷನ್, ಅಲ್ಲಿ ಪ್ರೊಫೈಲ್ ಫೋಲ್ಡರ್ ಎದುರಿಗೆ ಓಪನ್ ಫೋಲ್ಡರ್. ಅದು ತೆರೆದ ಮೇಲೆ ಥಂಡರ್‌ಬರ್ಡ್ ಮುಚ್ಚಿ, ಪೂರ್ತಿ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕುತ್ತೇನೆ. ಮುಚ್ಚಿದ್ದರೂ "ಈಗಾಗಲೇ ನಡೆಯುತ್ತಿದೆ" ಎಂದು ಹಟ ಹಿಡಿದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಅದನ್ನು ನಿಲ್ಲಿಸಿ, ಪ್ರೊಫೈಲ್‌ನಲ್ಲಿರುವ 'ಪೇರೆಂಟ್.ಲಾಕ್' ಅಳಿಸಬೇಕು.

ನಂತರ ಥಂಡರ್‌ಬರ್ಡ್ ತೆರೆದು, ಇನ್‌ಬಾಕ್ಸ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ರಿಪೇರ್ ಫೋಲ್ಡರ್. ಹೆಚ್ಚಿನ ಸಲ ಇಷ್ಟಕ್ಕೇ ಮೇಲ್ ಮರಳಿ ಬರುತ್ತವೆ. ಬರದಿದ್ದರೆ ಥಂಡರ್‌ಬರ್ಡ್ ಮುಚ್ಚಿ, ಪಾಪ್ ಖಾತೆಯಾದರೆ 'ಮೇಲ್' ಫೋಲ್ಡರ್‌ನಲ್ಲಿ, ಐಮ್ಯಾಪ್ ಆದರೆ 'ಐಮ್ಯಾಪ್‌ಮೇಲ್'ನಲ್ಲಿ, ಎಂಎಸ್‌ಎಫ್ ಬಾಲದ್ದನ್ನು ಮಾತ್ರ ಅಳಿಸುತ್ತೇನೆ. ಅಳಿಸುವ ಮುಂಚೆ ಹೆಸರು ಎರಡು ಸಲ ಓದಿರಿ, ಸೈಜ್ ನೋಡಿರಿ. ತುಂಬಿದ ಇನ್‌ಬಾಕ್ಸ್‌ನಲ್ಲಿ ಮೇಲ್ ಫೈಲ್ ನೂರಾರು ಎಂಬಿ ಇದ್ದರೆ ಸೂಚಿ ಅದರ ಮುಂದೆ ತೀರ ಚಿಕ್ಕದು. ಮತ್ತೆ ತೆರೆದಾಗ ಹೊಸ ಸೂಚಿ ತಾನೇ ಕಟ್ಟಿಕೊಳ್ಳುತ್ತದೆ. ದೊಡ್ಡ ಫೋಲ್ಡರ್‌ಗೆ ಸಮಯ ಹಿಡಿಯುತ್ತದೆ, ನಡುವೆ ಮುಚ್ಚಬೇಡಿ.

ತಪ್ಪಿ ಡಿಲೀಟ್ ಆದ ಮೇಲ್ ಕೂಡ ಕಾಂಪ್ಯಾಕ್ಟ್ (ಅಳಿಸಿದ ಮೇಲ್‌ಗಳನ್ನು ಫೈಲ್‌ನಿಂದ ನಿಜಕ್ಕೂ ತೆಗೆದುಹಾಕುವುದು) ಮಾಡುವ ತನಕ ಆ ದೊಡ್ಡ ಫೈಲ್‌ನಲ್ಲೇ ಇರುತ್ತದೆ. ನಕಲು ಪ್ರತಿಯನ್ನು ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ತೆರೆದರೆ ಪ್ರತಿ ಮೇಲ್‌ನ ತಲೆಯಲ್ಲಿ 'ಎಕ್ಸ್-ಮೊಜಿಲ್ಲಾ-ಸ್ಟೇಟಸ್' ಎಂಬ ಸಾಲು ಸಿಗುತ್ತದೆ. ಅಲ್ಲಿ 0001 ಎಂದರೆ ಓದಿದ್ದು. 0009 ಎಂದರೆ ಓದಿದ್ದು ಮತ್ತು ಅಳಿಸಿದ್ದು. ಬೇಕಾದ ಮೇಲ್‌ನ 0009 ಅನ್ನು 0001 ಮಾಡಿ, ಸೇವ್ ಮಾಡಿ, ಆ ಫೈಲನ್ನು ಬೇರೆ ಹೆಸರಿನಲ್ಲಿ 'ಲೋಕಲ್ ಫೋಲ್ಡರ್ಸ್' ಒಳಗಿಟ್ಟರೆ, ಥಂಡರ್‌ಬರ್ಡ್ ತೆರೆದಾಗ ಅದು ಒಂದು ಫೋಲ್ಡರ್ ಆಗಿ ಕಾಣುತ್ತದೆ, ಮೇಲ್ ಅದರಲ್ಲಿರುತ್ತದೆ. ಅದಕ್ಕೇ ರಿಪೇರಿ ಮುಗಿಯುವ ಮುಂಚೆ ಯಾರು ಹೇಳಿದರೂ ಕಾಂಪ್ಯಾಕ್ಟ್ ಒತ್ತಬೇಡಿ ಎನ್ನುತ್ತೇನೆ. ರಿಪೇರಿ ಆದ ಮೇಲೆ ಮಾತ್ರ ಕಾಂಪ್ಯಾಕ್ಟ್ ಮಾಡಲೇಬೇಕು, ಇಲ್ಲವಾದರೆ ಫೈಲ್ ಊದುತ್ತಲೇ ಹೋಗುತ್ತದೆ. ಆಗ ಡಿಸ್ಕ್‌ನಲ್ಲಿ ಆ ಫೋಲ್ಡರ್‌ನಷ್ಟಾದರೂ ಜಾಗ ಖಾಲಿ ಇರಬೇಕು. ನಡುವೆ ಕರೆಂಟ್ ಹೋದರೆ 'ಎನ್‌ಎಸ್‌ಟಿಎಂಪಿ' ಎಂಬ ಅರ್ಧಮರ್ಧ ಫೈಲ್ ಉಳಿಯುತ್ತದೆ.

ಮೇಲ್ ಕಾಣುತ್ತವೆ, ಆದರೆ ಹಳೆಯವೆಲ್ಲ ಎರಡೆರಡು ಸಲ ಇಳಿಯುತ್ತಿವೆ ಎಂದಾದರೆ ಕೆಟ್ಟಿದ್ದು 'ಪಾಪ್‌ಸ್ಟೇಟ್.ಡ್ಯಾಟ್'. ಯಾವುದನ್ನು ಇಳಿಸಿಕೊಂಡಾಗಿದೆ ಎಂಬ ನೆನಪು ಅದರಲ್ಲಿರುತ್ತದೆ. ಇಡೀ ಇನ್‌ಬಾಕ್ಸ್ ಒಮ್ಮೆಲೇ ಮಾಯವಾಗಿ ಫೈಲೇ ಇಲ್ಲದಿದ್ದರೆ ಆ್ಯಂಟಿವೈರಸ್‌ನ ಕ್ವಾರಂಟೈನ್ ನೋಡಿರಿ. ಒಂದು ಕೆಟ್ಟ ಅಟ್ಯಾಚ್‌ಮೆಂಟ್‌ಗಾಗಿ ಅದು ಪೂರ್ತಿ ಫೈಲನ್ನೇ ಎತ್ತಿಟ್ಟಿರುತ್ತದೆ. ಅಲ್ಲಿಂದ ಮರಳಿ ತಂದ ಮೇಲೆ ಪ್ರೈವಸಿ ಆ್ಯಂಡ್ ಸೆಕ್ಯುರಿಟಿಯಲ್ಲಿ, ಬರುವ ಮೇಲ್‌ಗಳನ್ನು ಒಂದೊಂದಾಗಿ ಕ್ವಾರಂಟೈನ್ ಮಾಡಲು ಬಿಡುವ ಆಯ್ಕೆಗೆ ಟಿಕ್ ಹಾಕುತ್ತೇನೆ.

ಸರ್ವರ್ ಸರ್ಟಿಫಿಕೇಟ್ ಸರಿಯಿಲ್ಲ ಎಂದು ಥಂಡರ್‌ಬರ್ಡ್ ಗೋಳಾಡಿದರೆ ಮೊದಲು ಪರದೆಯ ಮೂಲೆಯ ತಾರೀಖು ನೋಡುತ್ತೇನೆ. ಹಳೆ ಯಂತ್ರದಲ್ಲಿ ಗಡಿಯಾರ ನಡೆಸುವ ಮದರ್‌ಬೋರ್ಡ್‌ನ ಸಿಆರ್ 2032 ಸೆಲ್ ಸತ್ತಿದ್ದರೆ, ಪ್ರತಿ ಸಲ ಕರೆಂಟ್ ಹೋದಾಗ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಪ್ಲಗ್ ಕಿತ್ತು 3 ವೋಲ್ಟ್‌ನ ಹೊಸ ಸೆಲ್ ಹಾಕಿ, ತಾರೀಖು ಸರಿಪಡಿಸಿದರೆ ಆಯಿತು. ಜಿಮೇಲ್ ಪಾಸ್‌ವರ್ಡ್ ಮೇಲಿಂದ ಮೇಲೆ ಕೇಳುತ್ತಿದ್ದರೆ ಸರ್ವರ್ ಸೆಟ್ಟಿಂಗ್ಸ್‌ನಲ್ಲಿ ಅಥೆಂಟಿಕೇಷನ್ ಮೆಥಡ್ 'ಓಆಥ್2' (ಗೂಗಲ್‌ನ ಪುಟದಲ್ಲೇ ಲಾಗಿನ್ ಮಾಡಿಸುವ ವಿಧಾನ) ಇರಲಿ. ಬರೀ ಪಾಸ್‌ವರ್ಡ್‌ನಿಂದ ಹೊರಗಿನ ಪ್ರೋಗ್ರಾಂ ಒಳಬರುವುದನ್ನು ಗೂಗಲ್ 2022ರ ಮೇ ತಿಂಗಳಲ್ಲಿ ಮನೆಬಳಕೆಯ ಖಾತೆಗಳಿಗೆ ನಿಲ್ಲಿಸಲು ಶುರುಮಾಡಿತು.

ಕೊನೆಗೆ ಕಂಪ್ಯೂಟರ್‌ನ ಪ್ಲಗ್ ಎಲ್ಲಿದೆ ಎಂದು ನೋಡುತ್ತೇನೆ. ಎಷ್ಟೋ ಮನೆಗಳಲ್ಲಿ ಇನ್ವರ್ಟರ್ ಇರುತ್ತದೆ, ಆದರೂ ಕರೆಂಟ್ ಹೋದ ಕ್ಷಣ, ಅದು ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಅನೇಕ ಇನ್ವರ್ಟರ್‌ಗಳಲ್ಲಿ ಬೇಗ ಬದಲಾಗುವ ಯುಪಿಎಸ್ ಮೋಡ್‌ಗೆ ಬದಲಿಸುವ ಸ್ವಿಚ್ ಇರುತ್ತದೆ, ಅದನ್ನು ಹಾಕಿ. ವೋಲ್ಟೇಜ್ ಇಳಿಯುವ ಓಣಿಯಾದರೆ ಆ ಮೋಡ್‌ನಲ್ಲಿ ಬ್ಯಾಟರಿ ಹೆಚ್ಚು ಖರ್ಚಾಗುತ್ತದೆ, ಅಂಥ ಕಡೆ ಕಂಪ್ಯೂಟರ್‌ಗೊಂದು ಚಿಕ್ಕ ಯುಪಿಎಸ್ ಬೇರೆ ಇಡಿಸುತ್ತೇನೆ.