ರಾತ್ರಿ ಬಸ್ಸು, ಬೆಳಗ್ಗೆ ಕೆಲಸ: ಹೊಟ್ಟೆ, ನಿದ್ದೆ ಕೆಡದಂತೆ ಹೋಗಿಬರುವುದು ಹೇಗೆ?

ಕಬ್ಬಿನ ಹಂಗಾಮು ಶುರುವಾದರೆ ವಾರದಲ್ಲಿ ಎರಡು ರಾತ್ರಿ ನನಗೆ ಬಸ್ಸಿನಲ್ಲೇ. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಗಾಡಿಗಳನ್ನು ತೂಗುವ ವೇಬ್ರಿಜ್ ರಿಪೇರಿ ನನ್ನ ಕೆಲಸ. ಬೆಂಗಳೂರಿನಲ್ಲಿ ರಾತ್ರಿ ಹತ್ತಿದರೆ ಬೆಳಗ್ಗೆ ಮುಧೋಳ, ಜಮಖಂಡಿ, ಇಲ್ಲವೇ ಅಥಣಿ. ಮೊದಲ ಎರಡು ವರ್ಷ ಪ್ರತಿ ಸಲವೂ ತಲೆನೋವು, ಮಲಬದ್ಧತೆ, ಎದೆಯುರಿ. ಬೈದಿದ್ದೆಲ್ಲ ಹೋಟೆಲ್ ಊಟಕ್ಕೆ. ತಪ್ಪು ಶುರುವಾಗುತ್ತಿದ್ದದ್ದು ಮನೆಯಲ್ಲೇ. ಬಸ್ಸಲ್ಲಿ ಶೌಚಾಲಯ ಇರಲ್ಲ ಅಂತ ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಡುತ್ತಿದ್ದೆ.

ಮೊದಲು ನೀರಿನ ಲೆಕ್ಕ

ಹೊರಡುವ ದಿನ ಸಂಜೆ ಆರರವರೆಗೆ ಎಂದಿಗಿಂತ ಸ್ವಲ್ಪ ಜಾಸ್ತಿಯೇ ನೀರು ಕುಡಿಯಿರಿ. ಆಮೇಲೆ ಗುಟುಕು ಗುಟುಕಾಗಿ. ಸಂಜೆ ಮೇಲೆ ಕಾಫಿ, ಟೀ ಬೇಡ. ನಿದ್ದೆಯೂ ಕೆಡುತ್ತದೆ, ಮೂತ್ರಕ್ಕೂ ಅವಸರವಾಗುತ್ತದೆ. ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೆ ಅಂತ ಹತ್ತುವಾಗಲೇ ಕಂಡಕ್ಟರ್ ಬಳಿ ಕೇಳಿಕೊಳ್ಳಿ. ನಿಂತ ಕಡೆಯೆಲ್ಲ, ಅವಸರ ಇರಲಿ ಬಿಡಲಿ, ಇಳಿದು ಹೋಗಿಬನ್ನಿ. ಹೆಣ್ಣುಮಕ್ಕಳ ಕಷ್ಟ ಇನ್ನೂ ದೊಡ್ಡದು. ಗಂಟೆಗಟ್ಟಲೆ ತಡೆದುಕೊಂಡು ಉರಿಮೂತ್ರ ಬರಿಸಿಕೊಂಡವರು ನಮ್ಮ ಆಫೀಸಿನಲ್ಲೇ ಇದ್ದಾರೆ. ರೈಲು ಸಿಗುವ ಊರಾದರೆ ರೈಲೇ ಮೇಲು. ಬಾಗಲಕೋಟೆ, ವಿಜಯಪುರಕ್ಕೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಇದೆಯಲ್ಲ.

ಊಟ ಎಂಟಕ್ಕೇ ಮುಗಿಯಲಿ

ಅನ್ನ, ಸಾರು, ಮೊಸರು ಸಾಕು. ಶಿರಾ ಹತ್ತಿರ ನಡುರಾತ್ರಿ ಬಸ್ಸು ಢಾಬಾ ಮುಂದೆ ನಿಂತಾಗ ಇಳಿಯಿರಿ, ಓಡಾಡಿ, ಆದರೆ ತಿನ್ನಬೇಡಿ. ಎಲ್ಲರೂ ತಿಂತಾರಲ್ಲ ಅಂತ ಸುಮ್ನೆ ಒಂದು ಎಗ್ ರೈಸ್ ತಿಂದು ಮಲಗಿದರೆ ಚಿತ್ರದುರ್ಗ ದಾಟುವಷ್ಟರಲ್ಲಿ ಹುಳಿತೇಗು ಗ್ಯಾರಂಟಿ.

ಬಿಪಿ, ಶುಗರ್ ಮಾತ್ರೆ ಕೈಚೀಲದಲ್ಲೇ ಇರಲಿ, ಡಿಕ್ಕಿಗೆ ಹಾಕಬೇಡಿ. ಎರಡು ದಿನದ ಕೆಲಸವಾದರೆ ನಾಲ್ಕು ದಿನದ ಮಾತ್ರೆ ಒಯ್ಯಿರಿ. ಮಷೀನು ನಮ್ಮ ಮಾತು ಕೇಳುವುದಿಲ್ಲ. ಇನ್ಸುಲಿನ್‌ಗೆ ಬಿಸಿಲೂ ಆಗದು, ಹೆಪ್ಪುಗಟ್ಟುವ ಚಳಿಯೂ ಆಗದು. ಹಾಗಾಗಿ ಐಸ್‌ಗೆ ನೇರವಾಗಿ ತಾಗಿಸಿ ಇಡಬೇಡಿ.

ಸೀಟಿನ ಬಸ್ಸಾದರೆ ಗಂಟೆಗೊಮ್ಮೆ ಪಾದವನ್ನು ಮೇಲೆ ಕೆಳಗೆ ಆಡಿಸಿ. ನಾಲ್ಕು ಗಂಟೆಗಿಂತ ಹೆಚ್ಚು ಕದಲದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ಒಂದೇ ಕಾಲು ಊದಿ ನೋಯುತ್ತಿದ್ದರೆ ಅಂದೇ ಡಾಕ್ಟರಿಗೆ ತೋರಿಸಿ. ಜೊತೆಗೆ ಉಸಿರು ಕಟ್ಟಿದಂತಾದರೆ 108ಕ್ಕೆ ಫೋನ್ ಮಾಡಿ.

ಇಳಿದ ಮೇಲೆ

ಲಾಡ್ಜಿನ ರೂಮು ತೆಗೆದ ಕೂಡಲೇ ಚೀಲವನ್ನು ಮಂಚದ ಮೇಲೆ ಒಗೆಯಬೇಡಿ. ಮೊಬೈಲ್ ಟಾರ್ಚ್ ಹಾಕಿ ಹಾಸಿಗೆಯ ಹೊಲಿಗೆ ನೋಡಿ. ಕಪ್ಪು ಚುಕ್ಕೆ ಕಂಡರೆ ತಿಗಣೆ ಇರಬಹುದು, ಬೇರೆ ರೂಮು ಕೇಳಿ. ಅಲಾರಾಂ ಇಟ್ಟು ಒಂದೂವರೆ ಗಂಟೆಯಾದರೂ ಮಲಗಿ. ತೂಕಡಿಸುತ್ತಾ ವೇಬ್ರಿಜ್ ಗುಂಡಿಗೆ ಇಳಿದು ಒಮ್ಮೆ ಬೆರಳು ಜಜ್ಜಿಸಿಕೊಂಡ ಮೇಲೆ ಈ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ಮಧ್ಯಾಹ್ನ ಖಾನಾವಳಿ ಹುಡುಕಿ. ಹೊರಗಿನ ಊಟ ಅಂದರೆ ಹೆದರುವವರು ಈ ಸೀಮೆಯ ಖಾನಾವಳಿ ನೋಡಿಲ್ಲ. ಹಂಚಿನಿಂದ ನೇರ ತಟ್ಟೆಗೆ ಬರುವ ಜೋಳದ ರೊಟ್ಟಿ, ಕಾಳು ಪಲ್ಯ, ಸೊಪ್ಪು, ಮೊಸರು. ಬಸ್ಸಿನಲ್ಲಿ ಕಟ್ಟಿಕೊಂಡ ಹೊಟ್ಟೆಗೆ ನಾರಿನಂಶವಿರುವ ಈ ಊಟಕ್ಕಿಂತ ಮದ್ದು ಬೇಕಿಲ್ಲ. ಎಚ್ಚರ ಬೇಕಾದದ್ದು ಪಕ್ಕದ ತಟ್ಟೆಯಲ್ಲಿ. ಯಾವಾಗಲೋ ಹೆಚ್ಚಿಟ್ಟ ಸೌತೆಕಾಯಿ, ಉಳ್ಳಾಗಡ್ಡಿ, ತೆರೆದ ಜಗ್ಗಿನ ನೀರು ನಾನು ಮುಟ್ಟುವುದಿಲ್ಲ. ಕೆಂಪು ಮೆಣಸಿನಕಾಯಿಯ ಖಾರ ಚಟ್ನಿ ರಂಜಕ ಬೆರಳ ತುದಿಯಷ್ಟು, ಶೇಂಗಾ ಚಟ್ನಿ ಬೇಕಾದಷ್ಟು. "ಇನ್ನೊಂದ್ ರೊಟ್ಟಿ ತಗೋರಿ ಸಾಹೇಬ್ರ" ಅಂತ ಒತ್ತಾಯ ಬಂದೇ ಬರುತ್ತದೆ. "ಸಾಕ್ರಿ ಯಕ್ಕಾ" ಅನ್ನುವುದನ್ನು ಕಲಿಯಲು ನನಗೆ ಮೂರು ಹಂಗಾಮು ಬೇಕಾಯಿತು.

ಹೊಟ್ಟೆ ಕೆಟ್ಟೇ ಬಿಟ್ಟರೆ

ಚೀಲದಲ್ಲಿ ಎರಡು ಓಆರ್‌ಎಸ್ ಪ್ಯಾಕೆಟ್ ಇರಲಿ. ಕೆಲವು ಒಂದು ಲೀಟರಿಗೆ, ಕೆಲವು ಬರೀ 200 ಮಿಲಿಗೆ. ಓದಿ ಕಲಸಿ. ಡಬ್ಬಿಯಲ್ಲಿ ಬರುವ ಸಿಹಿ ಪಾನೀಯ ಓಆರ್‌ಎಸ್ ಅಲ್ಲ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗೋಪುರ ಕಟ್ಟಬಾರದು, ಮಟ್ಟಸವಾಗಿರಲಿ. ಮೆಡಿಕಲ್ ಶಾಪಿನವರು ಕೊಟ್ಟ ಆಂಟಿಬಯೋಟಿಕ್ ನುಂಗಬೇಡಿ. ಭೇದಿಯಲ್ಲಿ ರಕ್ತ, ಜೋರು ಜ್ವರ, ಮೂತ್ರ ನಿಂತಂತಾಗುವುದು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೋಗಿ. ಸೈಟಿನ ಕೆಲಸ ನಾಳೆಗಿರಲಿ.

ಇನ್ನು ವಾಪಸ್. ಕೆಲಸ ಮುಗಿದ ರಾತ್ರಿಯೇ ಬಸ್ಸು ಹತ್ತುವ ಆಸೆ ಎಲ್ಲರಿಗೂ ಇರುತ್ತದೆ. ಹಿಂದಿನ ರಾತ್ರಿಯೂ ಬಸ್ಸಲ್ಲೇ ಕಳೆದಿದ್ದರೆ ನಾನು ಹತ್ತುವುದಿಲ್ಲ, ಉಳಿದು ಬೆಳಗಿನ ಬಸ್ಸಿಗೆ ಬರುತ್ತೇನೆ. ಲಾಡ್ಜ್ ಬಿಲ್ಲು ನೋಡಿ ಆಫೀಸಿನಲ್ಲಿ ಮೂಗು ಮುರಿಯುತ್ತಾರೆ. ಮುರಿಯಲಿ.