ಕ್ವಾಂಟಂ ಪ್ರಾವಸ್ಥಾ ಬದಲಾವಣೆಯ ಬಳಿ ಬೆಳಕಿನ ವಾಹಕತೆಯನ್ನು ಓದುವ ಕ್ರಮ

ಹಾಸನದ ಕಾಲೇಜುಗಳಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದುವವರಿಗೆ ದ್ರವ ಹೀಲಿಯಮ್ಮಾಗಲಿ ಟೆರಾಹರ್ಟ್ಜ್ ಬೆಳಕಿನ ಉಪಕರಣವಾಗಲಿ ಕೈಗೆ ಸಿಗದಿದ್ದರೂ, ಪ್ರಕಟವಾದ ಅಳತೆಗಳನ್ನು ಸಾಮಾನ್ಯ ಸ್ಪ್ರೆಡ್‌ಶೀಟಿನಲ್ಲಿಟ್ಟು, ಒಂದು ವಸ್ತು ಕ್ವಾಂಟಂ ಪ್ರಾವಸ್ಥಾ ಬದಲಾವಣೆಗೆ ಸಮೀಪವಿದೆಯೇ ಎಂದು ತಾವೇ ಪರೀಕ್ಷಿಸಬಹುದು. ಈ ಬದಲಾವಣೆಗೆ ಶಾಖ ಕಾರಣವಲ್ಲ. ನಿರಪೇಕ್ಷ ಶೂನ್ಯದಲ್ಲಿ ಒತ್ತಡ, ಕಾಂತಕ್ಷೇತ್ರ ಅಥವಾ ಬೆರಕೆಯ ಪ್ರಮಾಣ ಬದಲಾದಾಗ ಇದು ಸಂಭವಿಸುತ್ತದೆ.

ಮೊದಲು ಪ್ರತಿಯೊಂದು ತಾಪಮಾನಕ್ಕೂ ಬೆಳಕಿನ ವಾಹಕತೆಯ, ಅಂದರೆ ಬೆಳಕಿನ ವಿದ್ಯುತ್ ಕ್ಷೇತ್ರಕ್ಕೆ ವಸ್ತುವಿನಲ್ಲಿ ಎಷ್ಟು ಪ್ರವಾಹ ಹರಿಯುತ್ತದೆ ಎಂಬ ಅಳತೆಯ, ವಾಸ್ತವ ಭಾಗವನ್ನು (ಕ್ಷೇತ್ರದ ಜೊತೆಜೊತೆಗೇ ಏರಿಳಿಯುವ ಪಾಲನ್ನು) ಆವೃತ್ತಿಗೆ ಎದುರಾಗಿ ಗುರುತಿಸಿ. ಸಾಮಾನ್ಯ ಲೋಹವಾದರೆ, 1900ರಲ್ಲಿ ಪಾಲ್ ಡ್ರೂಡ ಕೊಟ್ಟ ಮಾದರಿಯಂತೆ, ಶೂನ್ಯ ಆವೃತ್ತಿಯಲ್ಲಿ ಶಿಖರವಿದ್ದು, ಬಳಿಕ ಅದು ಆವೃತ್ತಿಯ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ.

ಮುಖ್ಯ ಹೆಜ್ಜೆ ಇದರ ನಂತರದ್ದು. ಬೆಳಕಿನ ಕಣದ ಶಕ್ತಿಯನ್ನು, ಅಂದರೆ ಪ್ಲಾಂಕ್ ಸ್ಥಿರಾಂಕ ಮತ್ತು ಆವೃತ್ತಿಗಳ ಗುಣಲಬ್ಧವನ್ನು, ಬೋಲ್ಟ್ಸ್‌ಮನ್ ಸ್ಥಿರಾಂಕ ಮತ್ತು ತಾಪಮಾನಗಳ ಗುಣಲಬ್ಧದಿಂದ ಭಾಗಿಸಿ, ಆ ಅನುಪಾತವನ್ನೇ ಅಡ್ಡ ಅಕ್ಷದಲ್ಲಿಡಿ. ಹಾಸನದ ಮಧ್ಯಾಹ್ನದ 27 ಡಿಗ್ರಿ ಸೆಲ್ಸಿಯಸ್, ಅಂದರೆ 300 ಕೆಲ್ವಿನ್‌ನಲ್ಲಿ, 1 ಟೆರಾಹರ್ಟ್ಜ್ ಬೆಳಕಿಗೆ ಈ ಅನುಪಾತ 0.16, ಅದೇ ಬೆಳಕಿಗೆ 10 ಕೆಲ್ವಿನ್‌ನಲ್ಲಿ 4.8. ನಿರ್ಣಾಯಕ ಬಿಂದುವಿನ, ಅಂದರೆ ಬದಲಾವಣೆ ಸಂಭವಿಸುವ ಬಿಂದುವಿನ, ಬಳಿ ಅನುಪಾತ 1ಕ್ಕಿಂತ ಬಹಳ ಕಡಿಮೆಯಿದ್ದರೆ ಶಾಖದಿಂದ ಎದ್ದ ಉದ್ರೇಕಗಳ ಪರಸ್ಪರ ಡಿಕ್ಕಿಗಳು ಪ್ರವಾಹವನ್ನು ನಿರ್ಧರಿಸುತ್ತವೆ. ಬಹಳ ಹೆಚ್ಚಿದ್ದರೆ ಡಿಕ್ಕಿಗೆ ಅವಕಾಶವಾಗುವ ಮೊದಲೇ ಬೆಳಕಿನ ಕ್ಷೇತ್ರ ತಾನೇ ಪ್ರವಾಹವನ್ನು ಹುಟ್ಟಿಸುತ್ತದೆ. ಆದ್ದರಿಂದ ಆವೃತ್ತಿಯನ್ನಷ್ಟೇ ನೋಡಿ ತೀರ್ಮಾನಿಸುವುದು ಸರಿಯಲ್ಲ.

ಈಗ ವಾಹಕತೆಯನ್ನು ತಾಪಮಾನದ ಸೂಕ್ತ ಘಾತದಿಂದ ಗುಣಿಸಿ, ಎಲ್ಲ ವಕ್ರರೇಖೆಗಳೂ ಒಂದರ ಮೇಲೊಂದು ಕೂಡುತ್ತವೆಯೇ ನೋಡಿ. ಕೂಡಿದರೆ ಅದು ವಸ್ತು ಬದಲಾವಣೆಗೆ ಸಮೀಪವಿದೆ ಎಂಬುದರ ಸೂಚನೆ. ಎರಡು ಆಯಾಮದ ವ್ಯವಸ್ಥೆಯಲ್ಲಿ ಈ ಗುಣಾಕಾರವೂ ಬೇಕಿಲ್ಲದಿರಬಹುದು, ಏಕೆಂದರೆ ಅಲ್ಲಿ ವಾಹಕತೆಯ ಸಹಜ ಮಾನ ಸುಮಾರು 25,813 ಓಮ್‌ನ ವಿಲೋಮ. ಅದರಲ್ಲಿ ಉದ್ದದ ಪ್ರಸ್ತಾಪವೇ ಇಲ್ಲ. ಇಷ್ಟು ಸರಳ ಫಲಿತಾಂಶ ಇಷ್ಟು ಜಟಿಲ ಎಲೆಕ್ಟ್ರಾನ್ ಸಮೂಹದಿಂದ ಹೊರಡುವುದು ನನಗೆ ಈ ವಿಷಯದ ಅತ್ಯಂತ ಸುಂದರ ಭಾಗ.

ಲಾಗ್ ಅಕ್ಷಗಳಲ್ಲಿ ಕಿರಿದಾದ ವ್ಯಾಪ್ತಿಯ ಯಾವ ರೇಖೆಯೂ ನೇರವಾಗಿ ಕಾಣುವುದರಿಂದ, ಇಳಿಜಾರನ್ನು ನಂಬುವ ಮೊದಲು ಪ್ರವಾಹದ ಹಂತಕೋನವನ್ನೂ, ಅಂದರೆ ಪ್ರವಾಹದ ಏರಿಳಿತ ಬೆಳಕಿನ ಕ್ಷೇತ್ರದ ಏರಿಳಿತಕ್ಕಿಂತ ಎಷ್ಟು ಹಿಂದೆ ಬೀಳುತ್ತದೆ ಎಂಬುದನ್ನೂ, ಲೆಕ್ಕಹಾಕಿ. 2003ರಲ್ಲಿ ಬಿಸ್ಮತ್ ಇರುವ ತಾಮ್ರದ ಆಕ್ಸೈಡ್ ಅತಿವಾಹಕವೊಂದರಲ್ಲಿ ವಾಹಕತೆ ಆವೃತ್ತಿಯ −2/3 ಘಾತದಂತೆ ಇಳಿಯುವುದು ಕಂಡುಬಂದಾಗ, ಹಂತಕೋನವೂ 90 ಡಿಗ್ರಿಯ ಮೂರನೆಯ ಎರಡು ಭಾಗ, ಅಂದರೆ ಸುಮಾರು 60 ಡಿಗ್ರಿಯಲ್ಲಿ ಸ್ಥಿರವಾಗಿತ್ತು. ನಿಮ್ಮ ಎರಡು ಅಳತೆಗಳು ಹೀಗೆ ತಾಳೆಯಾಗದಿದ್ದರೆ ಆ ಘಾತವನ್ನು ಕೈಬಿಟ್ಟು, ಸ್ಫಟಿಕದ ಕಂಪನಗಳ ಪಾಲನ್ನು ಕಳೆದು, ಲೆಕ್ಕವನ್ನು ಮೊದಲಿಂದ ಮಾಡಿ.